ಹುಲ್ಲಿನಿಂದ ಟರ್ಫಿನೆಡೆಗೆ: ಹಾಕಿ ಕ್ರೀಡೆಯ ರೂಪಾಂತರ

1975ರ ಮಾರ್ಚ್ 15ರಂದು ಮಲೇಷ್ಯಾದ ಕ್ವಾಲಾಲಂಪುರದಲ್ಲಿ ನಡೆದ ವಿಶ್ವಕಪ್ ಹಾಕಿ ಫೈನಲ್‌ನಲ್ಲಿ ಭಾರತ ತಂಡ ಪಾಕಿಸ್ತಾನವನ್ನು 2-1 ಗೋಲುಗಳಿಂದ ಮಣಿಸಿ ವಿಶ್ವ ಚಾಂಪಿಯನ್ ಪಟ್ಟಕ್ಕೇರಿತು. ಹದಿನಾರು ತಿಂಗಳ ನಂತರ, 1976ರ ಜುಲೈನಲ್ಲಿ, ಕೆನಡಾದ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಅದೇ ಭಾರತ ಏಳನೆಯ ಸ್ಥಾನಕ್ಕೆ ಕುಸಿಯಿತು. ಎರಡೂ ಕೂಟಗಳಲ್ಲಿ ತಂಡದ ನಾಯಕರಾಗಿದ್ದವರು ಅಜಿತ್‌ಪಾಲ್ ಸಿಂಗ್. ನಾಯಕ ಬದಲಾಗಿರಲಿಲ್ಲ, ಆಟದ ಹೆಸರೂ ಬದಲಾಗಿರಲಿಲ್ಲ. ಬದಲಾದದ್ದು ಆಟಗಾರರ ಕಾಲ ಕೆಳಗಿನ ನೆಲ.

ಕ್ವಾಲಾಲಂಪುರದಲ್ಲಿ ಇದ್ದದ್ದು ಹುಲ್ಲು. ಮಾಂಟ್ರಿಯಲ್‌ನಲ್ಲಿ ಇದ್ದದ್ದು ಕೃತಕ ನೂಲಿನ ಹಾಸು. ಒಲಿಂಪಿಕ್ ಹಾಕಿ ಕೃತಕ ಹಾಸಿನ ಮೇಲೆ ನಡೆದದ್ದು ಅದೇ ಮೊದಲು. ಅಂದಿನಿಂದ ಇಂದಿನವರೆಗೆ ಒಲಿಂಪಿಕ್ ಹಾಕಿ ಹುಲ್ಲಿನ ಮೈದಾನಕ್ಕೆ ಮರಳಿಲ್ಲ.

ಯಾವ ಆಟವೂ ಹುಟ್ಟಿದ ರೂಪದಲ್ಲಿಯೇ ಉಳಿಯುವುದಿಲ್ಲ. ಆದರೆ ನೆಲ, ಕೋಲು, ಚೆಂಡು, ನಿಯಮ, ಅವಧಿ ಇವೆಲ್ಲವೂ ಒಂದು ಶತಮಾನದೊಳಗೆ ಹಾಕಿಯಷ್ಟು ಬದಲಾದ ಆಟಗಳು ವಿರಳ. ಈ ಬದಲಾವಣೆಗಳು ಆಟದ ಸ್ವರೂಪವನ್ನು ಮಾತ್ರವಲ್ಲ, ಅದನ್ನು ಯಾರು ಆಡಬಲ್ಲರು ಎಂಬುದನ್ನೂ ನಿರ್ಧರಿಸಿದವು. ಹಾಕಿಯನ್ನು ಮನೆಮಾತಾಗಿಸಿಕೊಂಡ ಕೊಡಗಿನಂತಹ ಜಿಲ್ಲೆಯನ್ನು ಹೊಂದಿರುವ ಕರ್ನಾಟಕಕ್ಕೆ ಈ ಇತಿಹಾಸ ದೂರದ ಸಂಗತಿಯೇನಲ್ಲ.

ರಬ್ಬರ್ ತುಂಡಿನಿಂದ ಕ್ರಿಕೆಟ್ ಚೆಂಡಿಗೆ

ಬಾಗಿದ ಕೋಲಿನಿಂದ ಚೆಂಡನ್ನು ಹೊಡೆಯುವ ಆಟ ಬಹು ಪ್ರಾಚೀನವಾದುದು. ಈಜಿಪ್ಟಿನ ಬೆನಿ ಹಸನ್ ಗೋರಿಗಳ ಭಿತ್ತಿಚಿತ್ರದಲ್ಲಿಯೂ ಅಥೆನ್ಸ್‌ನಲ್ಲಿ ದೊರೆತ ಕ್ರಿಸ್ತಪೂರ್ವ ಆರನೆಯ ಶತಮಾನದ ಅಂತ್ಯದ ಉಬ್ಬುಶಿಲ್ಪದಲ್ಲಿಯೂ ಅಂತಹ ಆಟದ ದೃಶ್ಯಗಳಿವೆ. ಐರ್ಲೆಂಡಿನ ಹರ್ಲಿಂಗ್, ಸ್ಕಾಟ್ಲೆಂಡಿನ ಶಿಂಟಿ, ಬಟ್ಟೆ ಸುತ್ತಿದ ಚೆಂಡಿನಿಂದ ಪಂಜಾಬಿನಲ್ಲಿ ಆಡುತ್ತಿದ್ದ ಖಿದ್ದೋ ಖುಂಡಿ ಇದೇ ವಂಶಕ್ಕೆ ಸೇರಿದವು.

ಆದರೆ ಇಂದಿನ ಹಾಕಿಯ ನೇರ ಮೂಲ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡ್. ಲಂಡನ್ನಿನ ಆಗ್ನೇಯಕ್ಕಿರುವ ಬ್ಲ್ಯಾಕ್‌ಹೀತ್ ಕ್ಲಬ್‌ನ ಸದಸ್ಯರು ಒರಟು ಬಯಲಿನಲ್ಲಿ ಘನಾಕೃತಿಯ ರಬ್ಬರ್ ತುಂಡನ್ನು ಬಳಸಿ ಆಡುತ್ತಿದ್ದರು. ಅದು ಕೌಶಲಕ್ಕಿಂತ ದೇಹಬಲಕ್ಕೆ ಹೆಚ್ಚು ಆಸ್ಪದವಿದ್ದ ಆಟ. 1871ರಲ್ಲಿ ಲಂಡನ್ನಿನ ಪಶ್ಚಿಮದ ಟೆಡಿಂಗ್ಟನ್‌ನಲ್ಲಿ ಕ್ರಿಕೆಟ್ ಆಟಗಾರರು ಚಳಿಗಾಲದ ಕಾಲಕ್ಷೇಪಕ್ಕೆಂದು ಹಾಕಿಯನ್ನು ಕೈಗೆತ್ತಿಕೊಂಡರು. ಅವರಲ್ಲಿ ಇದ್ದದ್ದು ಕ್ರಿಕೆಟ್ ಚೆಂಡು ಮತ್ತು ಕ್ರಿಕೆಟಿಗೆಂದು ಸಮಮಾಡಿದ ಹುಲ್ಲಿನ ಅಂಗಳ. ರಬ್ಬರ್ ತುಂಡಿನ ಬದಲು ಅವರು ದುಂಡನೆಯ ಚೆಂಡನ್ನು ಬಳಸಿದರು. ಗೋಲಿನ ಮುಂದೆ ವೃತ್ತವೊಂದನ್ನು ಎಳೆದು, ಅದರೊಳಗಿನಿಂದ ಹೊಡೆದರೆ ಮಾತ್ರ ಗೋಲು ಎಂಬ ನಿಯಮವನ್ನೂ ತಂದರು.

1886ರಲ್ಲಿ ಹಾಕಿ ಅಸೋಸಿಯೇಷನ್ ಸ್ಥಾಪನೆಯಾದಾಗ ಅಂಗೀಕಾರ ಪಡೆದದ್ದು ಈ ಮಾದರಿಯೇ. ಬ್ಲ್ಯಾಕ್‌ಹೀತ್ ಮಾದರಿ ಕ್ರಮೇಣ ಮೂಲೆಗುಂಪಾಯಿತು. ನಾವು ಇಂದು ಹಾಕಿಯ ಮೂಲರೂಪ ಎಂದು ಭಾವಿಸುವ ಹುಲ್ಲಿನ ಆಟವೇ ಮತ್ತೊಂದು ಹಳೆಯ ರೂಪವನ್ನು ಬದಿಗೊತ್ತಿ ಬಂದದ್ದು. ಅಂದೂ ನೆಲ ಸಮತಟ್ಟಾದೊಡನೆ ಆಟದ ಗುಣ ಬದಲಾಗಿತ್ತು. ಟೆಡಿಂಗ್ಟನ್ನಿನ ನೆನಪು ಒಂದು ವಿಷಯದಲ್ಲಿ ಈಗಲೂ ಉಳಿದಿದೆ. ಹಾಕಿ ಚೆಂಡಿನ ನಿಯಮಬದ್ಧ ತೂಕ 156ರಿಂದ 163 ಗ್ರಾಂ. ಇದು ಕ್ರಿಕೆಟ್ ಚೆಂಡಿನ ತೂಕವೇ ಆಗಿದೆ.

ಭಾರತದ ನೆಲ, ಭಾರತದ ಶೈಲಿ

ಬ್ರಿಟಿಷ್ ಸೇನೆಯ ಮೂಲಕ ಹಾಕಿ ಭಾರತಕ್ಕೆ ಬಂತು. 1880ರ ದಶಕದಲ್ಲಿ ಕಲ್ಕತ್ತಾದಲ್ಲಿ ಮೊದಲ ಕ್ಲಬ್ ಹುಟ್ಟಿಕೊಂಡಿತು. 1895ರಲ್ಲಿ ಅಲ್ಲಿಯೇ ಬೈಟನ್ ಕಪ್, ಮರುವರ್ಷ ಬೊಂಬಾಯಿಯಲ್ಲಿ ಆಗಾ ಖಾನ್ ಪಂದ್ಯಾವಳಿ ಆರಂಭವಾದವು. ಸೇನೆಯ ಪಾಳೆಯಗಳು, ರೈಲ್ವೆ ಬಡಾವಣೆಗಳು, ಮಿಷನ್ ಶಾಲೆಗಳು ಆಟದ ನೆಲೆಗಳಾದವು. ಬೇಕಾಗಿದ್ದುದು ಒಂದು ಬಯಲು, ಒಂದು ಕೋಲು, ಒಂದು ಚೆಂಡು ಮಾತ್ರ.

ಭಾರತದ ಮೈದಾನಗಳು ಗಟ್ಟಿಯಾಗಿ ಒಣಗಿದವು. ಹುಲ್ಲು ತೆಳುವಾಗಿದ್ದು, ಅಲ್ಲಲ್ಲಿ ಉಬ್ಬುತಗ್ಗುಗಳಿಂದ ಕೂಡಿರುತ್ತಿದ್ದವು. ಚೆಂಡು ಯಾವ ಕ್ಷಣದಲ್ಲಿ ಯಾವ ಕಡೆ ಪುಟಿಯುವುದೋ ಹೇಳಲಾಗದು. ಅಂತಹ ನೆಲದಲ್ಲಿ ಚೆಂಡನ್ನು ದೂರಕ್ಕೆ ಬಲವಾಗಿ ಹೊಡೆಯುವುದಕ್ಕಿಂತ ಕೋಲಿನ ಸನಿಹದಲ್ಲಿಯೇ ಇರಿಸಿಕೊಂಡು ಸಾಗುವುದು ಲೇಸು. ಚೆಂಡನ್ನು ತಟ್ಟನೆ ನಿಲ್ಲಿಸುವುದು, ಮಣಿಕಟ್ಟಿನ ತಿರುವಿನಿಂದ ಎಡಕ್ಕೂ ಬಲಕ್ಕೂ ಆಡಿಸುವುದು, ಎದುರಾಳಿ ಮುನ್ನುಗ್ಗಿದಾಗ ಅಡಿಯಷ್ಟೇ ಸರಿಸಿ ಪಾರಾಗುವುದು, ಹತ್ತಿರದ ಸಂಗಾತಿಗೆ ಚಿಕ್ಕ ಪಾಸ್ ನೀಡುವುದು. ಹೀಗೆ ಡ್ರಿಬ್ಲಿಂಗ್ ಕಲೆ ನೆಲದ ಗುಣದಿಂದಲೇ ರೂಪುಗೊಂಡಿತು.

ಕೋಲಿನ ಆಕಾರವೂ ಇದಕ್ಕೆ ಒದಗಿಬಂತು. ಇಂಗ್ಲಿಷ್ ಸ್ಟಿಕ್ಕಿನ ತುದಿ ಉದ್ದವಾಗಿ ಚಾಚಿಕೊಂಡಿರುತ್ತಿತ್ತು. ಹಿಪ್ಪುನೇರಳೆ ಮರದಿಂದ ಮಾಡಿದ ಭಾರತೀಯ ಸ್ಟಿಕ್ಕಿನ ಬಾಗು ಚಿಕ್ಕದು. ಹಾಕಿಯಲ್ಲಿ ಸ್ಟಿಕ್ಕಿನ ಚಪ್ಪಟೆ ಭಾಗದಿಂದ ಮಾತ್ರ ಚೆಂಡನ್ನು ಆಡಬೇಕು. ಎಡಗಡೆಗೆ ಬಂದ ಚೆಂಡನ್ನು ಆಡಬೇಕಾದರೆ ಸ್ಟಿಕ್ಕನ್ನು ಮಗುಚಬೇಕು. ಚಿಕ್ಕ ಬಾಗು ಈ ಮಗುಚುವಿಕೆಯನ್ನು ಕಣ್ಣೆವೆಯಿಕ್ಕುವಷ್ಟರಲ್ಲಿ ಸಾಧ್ಯವಾಗಿಸಿತು. ಈ ಉದ್ಯಮದ ದೊಡ್ಡ ಕೇಂದ್ರ ಸಿಯಾಲ್‌ಕೋಟ್ ಆಗಿತ್ತು. 1947ರ ದೇಶವಿಭಜನೆಯ ನಂತರ ಅಲ್ಲಿನ ಅನೇಕ ಕುಶಲಕರ್ಮಿಗಳು ಜಲಂಧರಕ್ಕೆ ಬಂದು ನೆಲೆಸಿದರು.

ಫಲಿತಾಂಶ ಜಗತ್ತಿಗೆ ತಿಳಿದಿದೆ. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಭಾರತ 29 ಗೋಲುಗಳನ್ನು ಗಳಿಸಿತು, ಒಂದನ್ನೂ ಬಿಟ್ಟುಕೊಡಲಿಲ್ಲ. ಅದರಲ್ಲಿ 14 ಗೋಲುಗಳು ಧ್ಯಾನ್‌ಚಂದ್ ಅವರವು. 1932ರಲ್ಲಿ ಅಮೆರಿಕದ ವಿರುದ್ಧ 24-1, 1936ರ ಬರ್ಲಿನ್ ಫೈನಲ್‌ನಲ್ಲಿ ಜರ್ಮನಿಯ ವಿರುದ್ಧ 8-1. ಸ್ವಾತಂತ್ರ್ಯಾನಂತರ 1948ರಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ಬ್ರಿಟನ್ ವಿರುದ್ಧವೇ 4-0. 1928ರಿಂದ 1956ರವರೆಗೆ ಆರು ಒಲಿಂಪಿಕ್ಸ್‌ಗಳಲ್ಲಿ ಸತತ ಆರು ಚಿನ್ನ.

ಕರ್ನಾಟಕದ ಕೊಡುಗೆಯೂ ಇದೇ ಪರಂಪರೆಯದು. ಸೇನೆಯೊಂದಿಗೆ ಗಾಢ ನಂಟುಳ್ಳ ಕೊಡಗಿನಲ್ಲಿ ಹಾಕಿ ಊರೂರಿನ ಆಟವಾಯಿತು. 1973ರ ವಿಶ್ವಕಪ್‌ನಲ್ಲಿ ರನ್ನರ್ಸ್ ಅಪ್ ಆದ ಭಾರತ ತಂಡದ ನಾಯಕ ಎಂ.ಪಿ. ಗಣೇಶ್, 1975ರ ವಿಶ್ವವಿಜೇತ ತಂಡದಲ್ಲಿದ್ದ ಬಿ.ಪಿ. ಗೋವಿಂದ, 1980ರ ಮಾಸ್ಕೋ ಚಿನ್ನದ ತಂಡದ ಸದಸ್ಯರಾಗಿ ಬಳಿಕ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ತಂಡವನ್ನು ಮುನ್ನಡೆಸಿದ ಎಂ.ಎಂ. ಸೋಮಯ್ಯ ಕೊಡಗು ಮೂಲದವರು.

ಮಾಂಟ್ರಿಯಲ್ ತಂದ ತಿರುವು

ಕೃತಕ ಹಾಸಿನ ಪರವಾದ ವಾದ ಸರಳವಾಗಿತ್ತು. ಯುರೋಪಿನ ಮಳೆ ಮತ್ತು ಹಿಮಗಳಲ್ಲಿ ಹುಲ್ಲಿನ ಅಂಗಳ ಬಹುಬೇಗ ಕೆಸರಾಗುತ್ತದೆ. ಪಂದ್ಯಗಳು ರದ್ದಾಗುತ್ತವೆ. ಕೃತಕ ಹಾಸಿನ ಮೇಲೆ ದಿನವಿಡೀ, ವರ್ಷವಿಡೀ ಆಡಬಹುದು. ಚೆಂಡು ನೇರವಾಗಿ ಸಾಗುವುದರಿಂದ ಅದೃಷ್ಟದ ಪಾತ್ರ ಕಡಿಮೆಯಾಗುತ್ತದೆ. ನೋಡುವವರಿಗೂ ಆಟ ವೇಗವಾಗಿ ಕಾಣುತ್ತದೆ. ಇವೆಲ್ಲ ನಿಜವೇ ಆಗಿದ್ದವು.

ಆದರೆ ಹುಲ್ಲಿನ ಮೇಲೆ ಬೆಲೆಬಾಳುತ್ತಿದ್ದ ಕೌಶಲಗಳಲ್ಲಿ ಕೆಲವು ಟರ್ಫಿನ ಮೇಲೆ ಸವಕಲಾದವು. ಪುಟಿಯುವ ಚೆಂಡನ್ನು ತಡೆದು ನಿಲ್ಲಿಸುವ ಕಲೆ ಭಾರತೀಯ ಆಟಗಾರನಿಗೆ ವರ್ಷಗಟ್ಟಲೆ ಅಭ್ಯಾಸದಿಂದ ಒಲಿದಿತ್ತು. ನುಣುಪಾದ ಹಾಸಿನ ಮೇಲೆ ಚೆಂಡು ಪುಟಿಯುವುದೇ ವಿರಳ, ನಿಲ್ಲಿಸುವುದು ಬಹುತೇಕ ಎಲ್ಲರಿಗೂ ಸಾಧ್ಯ. ಬದಲಿಗೆ ಐವತ್ತು ಮೀಟರ್ ದೂರಕ್ಕೆ ರಭಸದ ಪಾಸ್, ಅದನ್ನು ಬೆನ್ನಟ್ಟುವ ಓಟ, ಎಪ್ಪತ್ತು ನಿಮಿಷ ಕುಂದದ ದೈಹಿಕ ಶಕ್ತಿ ಇವು ಮುಂಚೂಣಿಗೆ ಬಂದವು. ಬಾಗಿ, ಕೆಳಮಟ್ಟದಲ್ಲಿ ಸ್ಟಿಕ್ ಹಿಡಿದು ಓಡುವ ಭಂಗಿ ಅನಿವಾರ್ಯವಾಯಿತು. ಮಂಡಿ ಮತ್ತು ಸೊಂಟದ ಮೇಲೆ ಬೀಳುವ ಭಾರ ಹೆಚ್ಚಿತು.

ಮಾಂಟ್ರಿಯಲ್ ಫೈನಲ್‌ನಲ್ಲಿ ನ್ಯೂಜಿಲೆಂಡ್ ಆಸ್ಟ್ರೇಲಿಯಾವನ್ನು 1-0ಯಿಂದ ಸೋಲಿಸಿತು. ಒಲಿಂಪಿಕ್ ಹಾಕಿಯ ಚಿನ್ನಕ್ಕಾಗಿ ಓಷಿಯಾನಿಯಾದ ಎರಡು ದೇಶಗಳು ಸೆಣಸಿದ್ದು ಅದೇ ಮೊದಲು. ಶ್ರೀಮಂತ ರಾಷ್ಟ್ರಗಳು ಶಾಲೆಗಳಿಗೆ, ಕ್ಲಬ್ಬುಗಳಿಗೆ ಟರ್ಫ್ ಒದಗಿಸುತ್ತಾ ಹೋದವು. ಭಾರತದಲ್ಲಿ 1980ರ ದಶಕ ಮುಗಿಯುವವರೆಗೂ ಟರ್ಫ್ ಅಂಗಳಗಳನ್ನು ಬೆರಳೆಣಿಸಿ ಹೇಳಬಹುದಾಗಿತ್ತು. ಹುಡುಗನೊಬ್ಬ ಹದಿನೆಂಟು ವರ್ಷದವರೆಗೆ ಮಣ್ಣಿನಂಗಳದಲ್ಲಿ ಆಡಿ, ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆಯಾದ ಮೇಲೆ ಮೊದಲ ಬಾರಿಗೆ ಟರ್ಫ್ ಮೆಟ್ಟುವುದು ಸಾಮಾನ್ಯವಾಗಿತ್ತು. ಎದುರಾಳಿಯಾದರೋ ಬಾಲ್ಯದಿಂದಲೇ ಅದರ ಮೇಲೆ ಬೆಳೆದವನು.

ನಿಯಮ ಪುಸ್ತಕದ ಪರಿಷ್ಕರಣೆ

ನೆಲ ಬದಲಾದ ಮೇಲೆ ನಿಯಮಗಳು ಹಾಗೆಯೇ ಉಳಿಯುವಂತಿರಲಿಲ್ಲ. ಹಳೆಯ ಹಾಕಿ ಆರಂಭವಾಗುತ್ತಿದ್ದುದು 'ಬುಲ್ಲಿ'ಯಿಂದ. ಎರಡು ತಂಡಗಳ ತಲಾ ಒಬ್ಬ ಆಟಗಾರ ಎದುರುಬದುರು ನಿಂತು, ಒಮ್ಮೆ ನೆಲವನ್ನೂ ಒಮ್ಮೆ ಎದುರಾಳಿಯ ಸ್ಟಿಕ್ಕನ್ನೂ ಹೀಗೆ ಮೂರು ಬಾರಿ ತಟ್ಟಿ ಚೆಂಡಿಗಾಗಿ ಸೆಣಸುತ್ತಿದ್ದರು. ಪ್ರತಿ ಗೋಲಿನ ನಂತರವೂ ಇದೇ ಕ್ರಮ. 1980ರ ದಶಕದಲ್ಲಿ ಇದರ ಸ್ಥಾನವನ್ನು ಮಧ್ಯರೇಖೆಯಿಂದ ನೀಡುವ ಪಾಸ್ ಆಕ್ರಮಿಸಿತು. ಅಪಘಾತ ಮೊದಲಾದ ಕಾರಣಗಳಿಂದ ಆಟ ನಿಂತು ಪುನರಾರಂಭವಾಗುವಾಗ ಮಾತ್ರ ಬುಲ್ಲಿ ಈಗ ಉಳಿದಿದೆ. ಅದೂ ಒಂದೇ ತಟ್ಟಿಗೆ ಇಳಿದಿದೆ. ಪಕ್ಕದ ಗೆರೆಯಿಂದ ಚೆಂಡನ್ನು ಕೈಯಿಂದ ಉರುಳಿಸಿ ಒಳಗೆ ಬಿಡುವ ಪದ್ಧತಿಯೂ ಕಣ್ಮರೆಯಾಯಿತು.

ಅತಿ ದೊಡ್ಡ ಬದಲಾವಣೆ ಆಫ್‌ಸೈಡ್ ನಿಯಮದ ರದ್ದತಿ. ಮುಂಪಡೆಯ ಆಟಗಾರ ಎದುರಾಳಿಯ ರಕ್ಷಣೆಯನ್ನು ಮೀರಿ ಗೋಲಿನ ಬಳಿ ಮೊದಲೇ ಹೋಗಿ ನಿಲ್ಲಬಾರದು ಎಂಬುದು ಅದರ ಸಾರ. ಹಂತಹಂತವಾಗಿ ಸಡಿಲಗೊಂಡ ಈ ನಿಯಮವನ್ನು 1996ರಲ್ಲಿ ಪ್ರಾಯೋಗಿಕವಾಗಿ ಕೈಬಿಡಲಾಯಿತು. ನಂತರ ಅದೇ ಖಾಯಂ ಆಯಿತು. ಫುಟ್‌ಬಾಲ್ ಇಂದಿಗೂ ಬಿಡದ ನಿಯಮವನ್ನು ಹಾಕಿ ಬಿಟ್ಟುಕೊಟ್ಟಿತು. ಇದರಿಂದ ಆಟಗಾರರು ಮೈದಾನದ ಉದ್ದಗಲಕ್ಕೂ ಹರಡಿಕೊಂಡರು. ಉದ್ದನೆಯ ಪಾಸ್‌ಗಳ ಮೌಲ್ಯ ಮತ್ತಷ್ಟು ಏರಿತು.

ಹಿಂದೆ ಬದಲಿ ಆಟಗಾರರಿಗೆ ಅವಕಾಶವೇ ಇರಲಿಲ್ಲ. ನಂತರ ಇಬ್ಬರಿಗೆ ಸಿಕ್ಕಿತು. 1992ರಿಂದ ಎಷ್ಟು ಬಾರಿಯಾದರೂ ಆಟಗಾರರನ್ನು ಬದಲಿಸಬಹುದು, ಹೊರಗೆ ಹೋದವರು ಮತ್ತೆ ಬರಬಹುದು. ಹಾಗಾಗಿ ಹನ್ನೊಂದು ಮಂದಿಯ ಆಟವಾಗಿದ್ದ ಹಾಕಿ ಇಡೀ ತಂಡದ ಆಟವಾಯಿತು. ಕೆಲವೇ ನಿಮಿಷ ಪೂರ್ಣ ವೇಗದಲ್ಲಿ ಓಡಿ ಹೊರನಡೆಯುವುದು ಫಾರ್ವರ್ಡ್ ಆಟಗಾರರ ಪರಿಪಾಠವಾಯಿತು. ಐವರು ಫಾರ್ವರ್ಡ್, ಮೂವರು ಹಾಫ್‌ಬ್ಯಾಕ್, ಇಬ್ಬರು ಫುಲ್‌ಬ್ಯಾಕ್ ಎಂಬ ಸಾಂಪ್ರದಾಯಿಕ ರಚನೆಯೂ ಕರಗಿತು. ರೈಟ್ ಔಟ್, ಲೆಫ್ಟ್ ಇನ್ ಮುಂತಾದ ಹೆಸರುಗಳು ಹಿರಿಯರ ಮಾತಿನಲ್ಲಿ ಮಾತ್ರ ಉಳಿದಿವೆ.

2009ರಲ್ಲಿ ಬಂದ 'ಸೆಲ್ಫ್ ಪಾಸ್' ನಿಯಮದಿಂದ ಫ್ರೀ ಹಿಟ್ ಪಡೆದ ಆಟಗಾರ ಬೇರೆಯವರಿಗಾಗಿ ಕಾಯದೆ ತಾನೇ ಚೆಂಡನ್ನು ಮುಂದಕ್ಕೊಯ್ಯಬಹುದಾಯಿತು. ತಲಾ 35 ನಿಮಿಷಗಳ ಎರಡು ಅವಧಿಗಳ ಪಂದ್ಯ 2014ರಿಂದ ಅಂತಾರಾಷ್ಟ್ರೀಯ ಒಕ್ಕೂಟದ ಪ್ರಮುಖ ಕೂಟಗಳಲ್ಲಿ ತಲಾ 15 ನಿಮಿಷಗಳ ನಾಲ್ಕು ಅವಧಿಗಳಿಗೆ ಇಳಿಯಿತು. ಸಮಬಲದ ಪಂದ್ಯಗಳನ್ನು ನಿರ್ಣಯಿಸಲು ಪೆನಾಲ್ಟಿ ಸ್ಟ್ರೋಕ್ ಬದಲು ಎಂಟು ಸೆಕೆಂಡುಗಳ ಶೂಟೌಟ್ ಬಂತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ವಿಡಿಯೊ ಅಂಪೈರ್ ಕಾಣಿಸಿಕೊಂಡರು. ವಿರಾಮಗಳು ಹೆಚ್ಚಿದ್ದು ದೂರದರ್ಶನ ಪ್ರಸಾರಕ್ಕೂ ಜಾಹೀರಾತಿಗೂ ಅನುಕೂಲವಾಯಿತು ಎಂಬುದು ಗಮನಾರ್ಹ. 2012ರ ಲಂಡನ್ ಒಲಿಂಪಿಕ್ಸ್‌ನ ನೀಲಿ ಹಾಸು, ಹಳದಿ ಚೆಂಡುಗಳೂ ಕಣ್ಣಿಗೆ ಆಟ ಸ್ಪಷ್ಟವಾಗಿ ಕಾಣಲೆಂದೇ ಬಂದವು.

ಮರ ಹೋಯಿತು, ಇಂಗಾಲದೆಳೆ ಬಂತು

ಉಪಕರಣಗಳ ಕಥೆಯೂ ಭಿನ್ನವಲ್ಲ. ಹಿಪ್ಪುನೇರಳೆಯ ಸ್ಟಿಕ್ಕಿನ ಜಾಗಕ್ಕೆ 1990ರ ದಶಕದಿಂದ ಗಾಜಿನ ನಾರು, ಇಂಗಾಲದೆಳೆ, ಕೆವ್ಲಾರ್ ಬೆರೆತ ಸ್ಟಿಕ್ಕುಗಳು ಬಂದವು. ಇವು ಮರಕ್ಕಿಂತ ಬಿಗುವಾದವು, ಹೊಡೆತದ ಶಕ್ತಿಯನ್ನು ಚೆಂಡಿಗೆ ಹೆಚ್ಚಾಗಿ ವರ್ಗಾಯಿಸುತ್ತವೆ. ಮಳೆನೀರಿಗೆ ಹೀರಿಕೊಂಡು ಊದಿಕೊಳ್ಳುವುದಿಲ್ಲ. ಸ್ಟಿಕ್ಕಿನ ಉದ್ದಕ್ಕೂ ಬಿಲ್ಲಿನಂತಹ ಬಾಗನ್ನು ಕೊಡುವ ಪೈಪೋಟಿ ನಡೆದು, ಅದು 25 ಮಿಲಿಮೀಟರ್ ಮೀರಬಾರದೆಂದು ಮಿತಿ ಹಾಕಬೇಕಾಯಿತು. ಚರ್ಮದ ಹೊದಿಕೆಯ ಚೆಂಡಿನ ಬದಲು ಪ್ಲಾಸ್ಟಿಕ್ ಚೆಂಡು ಬಂತು.

ಗೋಲ್ ಕೀಪರ್‌ನ ರೂಪವಂತೂ ಗುರುತು ಸಿಗದಷ್ಟು ಬದಲಾಯಿತು. ಕ್ರಿಕೆಟ್ ಪ್ಯಾಡ್ ಕಟ್ಟಿಕೊಂಡು ಬರಿಮುಖದಲ್ಲಿ ನಿಲ್ಲುತ್ತಿದ್ದವರು ಇಂದು ಶಿರಸ್ತ್ರಾಣ, ಎದೆಕವಚ, ದಪ್ಪನೆಯ ಫೋಮ್ ಪ್ಯಾಡ್‌ಗಳೊಂದಿಗೆ ಕಣಕ್ಕಿಳಿಯುತ್ತಾರೆ. ಅದಿಲ್ಲದೆ ಇಂದಿನ ವೇಗದ ಚೆಂಡನ್ನು ಎದುರಿಸುವುದು ಪ್ರಾಣಾಪಾಯಕ್ಕೆ ಆಹ್ವಾನ. ಪೆನಾಲ್ಟಿ ಕಾರ್ನರ್ ತಡೆಯಲು ಓಡಿಬರುವ ರಕ್ಷಣಾ ಆಟಗಾರರೂ ಮುಖಕ್ಕೆ ಕವಚ ಧರಿಸುತ್ತಾರೆ.

ಪೆನಾಲ್ಟಿ ಕಾರ್ನರ್: ಆಟದೊಳಗಿನ ಆಟ

1908ರಷ್ಟು ಹಿಂದೆಯೇ ನಿಯಮ ಪುಸ್ತಕ ಸೇರಿದ ಪೆನಾಲ್ಟಿ ಕಾರ್ನರ್ ಇಂದು ಪಂದ್ಯದ ಭವಿಷ್ಯವನ್ನೇ ನಿರ್ಧರಿಸುವ ಅಸ್ತ್ರವಾಗಿದೆ. ಗೋಲಿನ ಗೆರೆಯಿಂದ ಚೆಂಡನ್ನು ಹೊರಕ್ಕೆ ತಳ್ಳಲಾಗುತ್ತದೆ. ವೃತ್ತದ ಹೊರಗೆ ಒಬ್ಬರು ಅದನ್ನು ತಡೆದು ನಿಲ್ಲಿಸುತ್ತಾರೆ. ಇನ್ನೊಬ್ಬರು ವೃತ್ತದೊಳಗೆ ತಂದು ಗೋಲಿಗೆ ಹೊಡೆಯುತ್ತಾರೆ. ಗೋಲ್ ಕೀಪರ್ ಸೇರಿ ರಕ್ಷಣೆಗೆ ಇರುವವರು ಐವರು ಮಾತ್ರ.

ಇಲ್ಲಿ ನೆಲದ ಪಾತ್ರ ನಿರ್ಣಾಯಕ. ಹುಲ್ಲಿನ ಮೇಲೆ ತಳ್ಳಿದ ಚೆಂಡು ಕುಪ್ಪಳಿಸುತ್ತಿತ್ತು. ಅದನ್ನು ಕೈಯಿಂದ ನಿಲ್ಲಿಸಲು ಅವಕಾಶವಿದ್ದ ಕಾಲವೂ ಇತ್ತು. ಟರ್ಫಿನ ಮೇಲೆ ಚೆಂಡು ಕರಾರುವಾಕ್ಕಾಗಿ ಬರುತ್ತದೆ. ಬೀಸಿ ಹೊಡೆದ ಮೊದಲ ಹೊಡೆತ ಗೋಲಿನೊಳಗೆ 460 ಮಿಲಿಮೀಟರ್‌ಗಿಂತ ಎತ್ತರದಲ್ಲಿ ಹೋಗುವಂತಿಲ್ಲ ಎಂಬ ಸುರಕ್ಷತಾ ನಿಯಮವಿದೆ. ಆದರೆ ಚೆಂಡನ್ನು ಸ್ಟಿಕ್ಕಿಗೆ ತಾಗಿಸಿಕೊಂಡೇ ಎಳೆದು ಎಸೆಯುವ ಫ್ಲಿಕ್‌ಗೆ ಈ ಮಿತಿ ಅನ್ವಯಿಸುವುದಿಲ್ಲ. ಈ ಎಡೆಯಲ್ಲಿ ಹುಟ್ಟಿದ್ದೇ ಡ್ರ್ಯಾಗ್ ಫ್ಲಿಕ್. ನಿಯಮ ರಚಿಸಿದವರು ಊಹಿಸಿರದ ಈ ತಂತ್ರ ಪಾಕಿಸ್ತಾನದ ಸೊಹೇಲ್ ಅಬ್ಬಾಸ್‌ರಿಗೆ 348 ಅಂತಾರಾಷ್ಟ್ರೀಯ ಗೋಲುಗಳನ್ನು ತಂದುಕೊಟ್ಟಿತು. ಕೊಡಗಿನ ವಿ.ಆರ್. ರಘುನಾಥ್ ಇದೇ ವಿದ್ಯೆಯಿಂದ ಭಾರತ ತಂಡದ ಆಧಾರವಾದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾಯಕ ಹರ್ಮನ್‌ಪ್ರೀತ್ ಸಿಂಗ್ 10 ಗೋಲು ಗಳಿಸಿ ಅಗ್ರ ಗೋಲುದಾರರಾದರು.

ಚೆಂಡನ್ನು ಆಡಿಸುತ್ತಾ ಹೋಗಿ ಗೋಲು ಹೊಡೆಯುವ ಬದಲು, ವೃತ್ತದೊಳಗೆ ಎದುರಾಳಿಯ ಕಾಲಿಗೆ ಚೆಂಡು ತಾಗಿಸಿ ಪೆನಾಲ್ಟಿ ಕಾರ್ನರ್ ಗಿಟ್ಟಿಸುವುದೇ ಲಾಭಕರ ಎಂಬ ಲೆಕ್ಕಾಚಾರ ಬೆಳೆಯಿತು. ಇದನ್ನು ಸರಿದೂಗಿಸಲು ಹಾಕಿ ಇಂಡಿಯಾ ಲೀಗ್ 2016ರ ಆವೃತ್ತಿಯಲ್ಲಿ ಫೀಲ್ಡ್ ಗೋಲನ್ನು ಎರಡಾಗಿ ಎಣಿಸುವ ಪ್ರಯೋಗವನ್ನೂ ಮಾಡಿತು.

ಟರ್ಫೊಂದೇ ಕಾರಣವೇ?

ಭಾರತದ ಹಾಕಿಯನ್ನು ಟರ್ಫ್ ಕೊಂದಿತು ಎಂಬ ಮಾತು ನಮ್ಮಲ್ಲಿ ಗಾದೆಯಂತಾಗಿದೆ. ದಾಖಲೆಗಳು ಇದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಭಾರತ ಮೊದಲ ಬಾರಿಗೆ ಒಲಿಂಪಿಕ್ ಚಿನ್ನ ಕಳೆದುಕೊಂಡದ್ದು 1960ರ ರೋಮ್‌ನಲ್ಲಿ, ಹುಲ್ಲಿನ ಮೇಲೆ. 1968 ಮತ್ತು 1972ರಲ್ಲಿ ಕಂಚಿಗೆ ತೃಪ್ತಿಪಟ್ಟದ್ದೂ ಹುಲ್ಲಿನ ಮೇಲೆಯೇ. ಅಂದರೆ ಇತರರು ಆಗಲೇ ಸಮೀಪಿಸಿದ್ದರು. ಇತ್ತ ಭಾರತದಂತೆಯೇ ಮಣಿಕಟ್ಟಿನ ಆಟಕ್ಕೆ ಹೆಸರಾದ ಪಾಕಿಸ್ತಾನ ಟರ್ಫಿನ ಯುಗದಲ್ಲಿಯೇ 1984ರ ಒಲಿಂಪಿಕ್ ಚಿನ್ನವನ್ನೂ 1994ರ ವಿಶ್ವಕಪ್ಪನ್ನೂ ಗೆದ್ದಿತು.

ಹಾಗಾದರೆ ಟರ್ಫ್ ಮಾಡಿದ್ದೇನು? ಅದು ಕೌಶಲವನ್ನು ಅಳಿಸಲಿಲ್ಲ, ಅದಕ್ಕೆ ಪ್ರವೇಶ ಶುಲ್ಕ ವಿಧಿಸಿತು. ಬಯಲಿನಲ್ಲಿ ಕಲಿತ ಆಟ ಮೇಲಿನ ಹಂತಕ್ಕೆ ಸಾಲದಾಯಿತು. ಒಕ್ಕೂಟದ ಒಳಜಗಳ, ತರಬೇತುದಾರರ ಪದೇಪದೇ ಬದಲಾವಣೆ, ದೈಹಿಕ ಸಾಮರ್ಥ್ಯದ ನಿರ್ಲಕ್ಷ್ಯ ಇವೆಲ್ಲ ಸೇರಿ ಆ ಶುಲ್ಕವನ್ನು ದುಬಾರಿಯಾಗಿಸಿದವು. 1986ರ ಲಂಡನ್ ವಿಶ್ವಕಪ್‌ನಲ್ಲಿ ಭಾರತ ಹನ್ನೆರಡು ತಂಡಗಳಲ್ಲಿ ಕೊನೆಯದಾಯಿತು. 2008ರ ಬೀಜಿಂಗ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. 2012ರಲ್ಲಿ ಮತ್ತೆ ಹನ್ನೆರಡನೆಯ ಸ್ಥಾನ.

ಚೇತರಿಕೆಯೂ ಟರ್ಫಿನ ಮೇಲೆಯೇ ಬಂತು. ಕೋವಿಡ್ ಕಾರಣ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯನ್ನು 5-4ರಿಂದ ಸೋಲಿಸಿ ಭಾರತ 41 ವರ್ಷಗಳ ಬಳಿಕ ಪದಕ ಪಡೆಯಿತು. ಮಹಿಳಾ ತಂಡ ನಾಲ್ಕನೆಯ ಸ್ಥಾನ ಗಳಿಸಿತು. 2024ರ ಪ್ಯಾರಿಸ್‌ನಲ್ಲಿ ಪುರುಷರು ಸ್ಪೇನ್ ವಿರುದ್ಧ 2-1ರಿಂದ ಗೆದ್ದು ಕಂಚನ್ನು ಉಳಿಸಿಕೊಂಡರು. ಅದೇ ಕೂಟದಲ್ಲಿ ಆಸ್ಟ್ರೇಲಿಯಾವನ್ನು 3-2ರಿಂದ ಸೋಲಿಸಿದ್ದು 1972ರ ನಂತರದ ಮೊದಲ ಒಲಿಂಪಿಕ್ ಗೆಲುವು. ಒಲಿಂಪಿಕ್ಸ್‌ನ ಟರ್ಫಿನ ಮೇಲೆ ಆಸ್ಟ್ರೇಲಿಯಾವನ್ನು ಮಣಿಸಲು ಭಾರತಕ್ಕೆ ಬರೋಬ್ಬರಿ ಅರ್ಧ ಶತಮಾನ ಬೇಕಾಯಿತು.

ಸುಂದರ್‌ಗಢ ಮತ್ತು ಕೊಡಗು

ಹೊಸ ಹಾಕಿಯ ಪಾಠವನ್ನು ಚೆನ್ನಾಗಿ ಅರಿತದ್ದು ಒಡಿಶಾ. ಬಿದಿರು ಮತ್ತು ಮರದ ಕೋಲುಗಳಿಂದ ಮಣ್ಣಿನಂಗಳದಲ್ಲಿ ಆಡುತ್ತಿದ್ದ ಸುಂದರ್‌ಗಢ ಜಿಲ್ಲೆಯ ಆದಿವಾಸಿ ಮಕ್ಕಳಿಗೆ ಕ್ರೀಡಾ ವಸತಿನಿಲಯಗಳ ಮೂಲಕ ತರಬೇತಿ ಒದಗಿತು. ಬಳಿಕ ತಾಲ್ಲೂಕು ಮಟ್ಟಕ್ಕೂ ಟರ್ಫ್ ಒಯ್ಯುವ ಯತ್ನ ನಡೆಯಿತು. 2018ರಿಂದ ಆ ರಾಜ್ಯ ರಾಷ್ಟ್ರೀಯ ತಂಡಗಳ ಪ್ರಾಯೋಜಕತ್ವ ವಹಿಸಿದೆ. ರೂರ್ಕೆಲಾದಲ್ಲಿ ಬಿರ್ಸಾ ಮುಂಡಾ ಕ್ರೀಡಾಂಗಣ ನಿರ್ಮಿಸಿ 2023ರ ವಿಶ್ವಕಪ್ ಪಂದ್ಯಗಳನ್ನೂ ನಡೆಸಿತು. ಟೋಕಿಯೊ ಪದಕ ತಂಡದಲ್ಲಿದ್ದ ಬೀರೇಂದ್ರ ಲಾಕ್ರಾ, ಎರಡೂ ಕಂಚಿನ ತಂಡಗಳಲ್ಲಿದ್ದ ಅಮಿತ್ ರೋಹಿದಾಸ್ ಸುಂದರ್‌ಗಢದವರು.

ಇನ್ನು ಕರ್ನಾಟಕ. 2012 ಮತ್ತು 2016ರ ಒಲಿಂಪಿಕ್ ತಂಡಗಳಲ್ಲಿ ಕೊಡಗಿನ ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ ಇದ್ದರು. ಆದರೆ ಟೋಕಿಯೊ ಮತ್ತು ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಪುರುಷರ ತಂಡಗಳಲ್ಲಿ ಕರ್ನಾಟಕದ ಒಬ್ಬ ಆಟಗಾರರೂ ಇರಲಿಲ್ಲ. ಆ ಎರಡೂ ತಂಡಗಳು ತಿಂಗಳುಗಟ್ಟಲೆ ತರಬೇತಿ ಪಡೆದದ್ದು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಅಂಗಳದಲ್ಲಿ. ಟರ್ಫ್ ನಮ್ಮ ರಾಜಧಾನಿಯಲ್ಲಿತ್ತು, ಆಟಗಾರರು ಬೇರೆ ರಾಜ್ಯದವರಾಗಿದ್ದರು.

ಕೊಡಗಿನಲ್ಲಿ ಹಾಕಿ ಪ್ರೀತಿ ಬತ್ತಿದೆಯೆಂದಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರ ಮುಂದಾಳತ್ವದಲ್ಲಿ 60 ಕುಟುಂಬಗಳೊಂದಿಗೆ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ ಪಾಲ್ಗೊಂಡ ಕುಟುಂಬಗಳ ಸಂಖ್ಯೆ 300ನ್ನು ದಾಟಿತ್ತು. ಪ್ರತಿ ವರ್ಷ ಒಂದೊಂದು ಒಕ್ಕ ಆತಿಥ್ಯ ವಹಿಸುತ್ತದೆ, ಕಪ್ಪಿಗೂ ಅದೇ ಒಕ್ಕದ ಹೆಸರು. ಗಾಳಿಯಲ್ಲಿ ಗುಂಡು ಹಾರಿಸಿ ಉತ್ಸವಕ್ಕೆ ಚಾಲನೆ ನೀಡುವುದು ವಾಡಿಕೆ. ಅಜ್ಜ, ಮಗ, ಮೊಮ್ಮಗಳು ಒಂದೇ ತಂಡದಲ್ಲಿ ಆಡುವುದುಂಟು. ಅಲ್ಲಿ ನೆಲ ಹುಲ್ಲಿನದು, ಪ್ರವೇಶಕ್ಕೆ ಬೇಕಾದುದು ಮನೆತನದ ಹೆಸರು ಮಾತ್ರ.

ಹೀಗೆ ಒಂದೇ ಹೆಸರಿನ ಎರಡು ಆಟಗಳು ಅಕ್ಕಪಕ್ಕದಲ್ಲಿ ಬದುಕಿವೆ. ಒಂದು ಊರಿನ ಹಬ್ಬದ ಹಾಕಿ, ಇನ್ನೊಂದು ಪದಕದ ಹಾಕಿ. ಮೊದಲನೆಯದರಿಂದ ಎರಡನೆಯದಕ್ಕೆ ಹಿಂದೆ ನೇರ ದಾರಿಯಿತ್ತು. ಈಗ ನಡುವೆ ಕೋಟಿಗಟ್ಟಲೆ ರೂಪಾಯಿ ಬೆಲೆಯ ಹಾಸೊಂದನ್ನು ದಾಟಬೇಕಾಗಿದೆ. ಪೊನ್ನಂಪೇಟೆಯಂತಹ ಊರುಗಳಿಗೆ ಟರ್ಫ್ ಬಂದಿದೆಯಾದರೂ, ಹತ್ತು ವರ್ಷಗಳಷ್ಟರಲ್ಲಿ ಸವೆಯುವ ಹಾಸನ್ನು ಮತ್ತೆ ಹೊದಿಸುವ ಹೊಣೆ ಅದರ ಜೊತೆಗೇ ಬರುತ್ತದೆ.

ಮುಂದಿನ ತಿರುವು

ಬದಲಾವಣೆ ಇಲ್ಲಿಗೇ ನಿಂತಿಲ್ಲ. ಉನ್ನತ ಮಟ್ಟದ ಟರ್ಫ್‌ಗಳಿಗೆ ಪಂದ್ಯಕ್ಕೆ ಮುನ್ನ ಸಾವಿರಾರು ಲೀಟರ್ ನೀರು ಉಣಿಸಬೇಕು. ಇಲ್ಲದಿದ್ದರೆ ಚೆಂಡು ಸರಾಗವಾಗಿ ಓಡದು, ಬಿದ್ದ ಆಟಗಾರನ ಚರ್ಮ ತರಚುತ್ತದೆ. ಕುಡಿಯುವ ನೀರಿಗೇ ಕೊರತೆಯಿರುವ ಊರುಗಳಲ್ಲಿ ಇದು ಸಲ್ಲದ ವೆಚ್ಚ. ಆದ್ದರಿಂದ ಅಂತಾರಾಷ್ಟ್ರೀಯ ಹಾಕಿ ಒಕ್ಕೂಟ ನೀರು ಬೇಡದ ಒಣ ಟರ್ಫಿನತ್ತ ಹೊರಳುವ ಗುರಿ ಇರಿಸಿಕೊಂಡಿದೆ. ಚಿಕ್ಕ ಅಂಗಳದಲ್ಲಿ ತಲಾ ಐವರು ಆಡುವ 'ಹಾಕಿ ಫೈವ್ಸ್' ಮಾದರಿಯ ಮೊದಲ ವಿಶ್ವಕಪ್ 2024ರಲ್ಲಿ ಒಮಾನ್‌ನ ಮಸ್ಕತ್‌ನಲ್ಲಿ ನಡೆಯಿತು. ಅದರಲ್ಲಿ ಭಾರತದ ಮಹಿಳೆಯರು ಫೈನಲ್ ತಲುಪಿ ನೆದರ್ಲೆಂಡ್ಸ್‌ಗೆ ಮಣಿದರು.

ಒಣ ಟರ್ಫ್ ಅಗ್ಗವಾಗಿ ದೊರೆತು ಶಾಲೆಗಳಿಗೆ ತಲುಪಿದರೆ ಹಳ್ಳಿಯ ಅಂಗಳಕ್ಕೂ ಒಲಿಂಪಿಕ್ ಅಂಗಳಕ್ಕೂ ಇರುವ ಅಂತರ ಕಿರಿದಾದೀತು. ಮತ್ತೊಮ್ಮೆ ಶ್ರೀಮಂತರಿಗೇ ಮೊದಲು ದಕ್ಕಿದರೆ 1976ರ ಕಥೆ ಮರುಕಳಿಸೀತು. ಬ್ಲ್ಯಾಕ್‌ಹೀತ್‌ನ ರಬ್ಬರ್ ತುಂಡಿನಿಂದ ಪ್ಯಾರಿಸ್‌ನ ಹಾಸಿನವರೆಗೆ ಹಾಕಿ ಪ್ರತಿ ಬಾರಿ ಬದಲಾದಾಗಲೂ ಸಿದ್ಧರಾಗಿದ್ದವರು ಗೆದ್ದಿದ್ದಾರೆ. ಹೊಸ ನೆಲ ಸಿದ್ಧವಾಗುವ ಮೊದಲೇ ನಮ್ಮ ಮಕ್ಕಳ ಕಾಲು ಅದಕ್ಕೆ ಒಗ್ಗಬೇಕಾಗಿದೆ.

ಹಾಕಿ: ಪ್ರಮುಖ ಮೈಲಿಗಲ್ಲುಗಳು

1871: ಟೆಡಿಂಗ್ಟನ್‌ನಲ್ಲಿ ಕ್ರಿಕೆಟ್ ಆಟಗಾರರಿಂದ ಹಾಕಿ ಆರಂಭ
1886: ಇಂಗ್ಲೆಂಡಿನಲ್ಲಿ ಹಾಕಿ ಅಸೋಸಿಯೇಷನ್ ಸ್ಥಾಪನೆ
1908: ಲಂಡನ್‌ನಲ್ಲಿ ಮೊದಲ ಒಲಿಂಪಿಕ್ ಹಾಕಿ
1924: ಪ್ಯಾರಿಸ್‌ನಲ್ಲಿ ಅಂತಾರಾಷ್ಟ್ರೀಯ ಹಾಕಿ ಒಕ್ಕೂಟ ಅಸ್ತಿತ್ವಕ್ಕೆ
1928: ಭಾರತಕ್ಕೆ ಮೊದಲ ಒಲಿಂಪಿಕ್ ಚಿನ್ನ
1975: ಭಾರತಕ್ಕೆ ವಿಶ್ವಕಪ್
1976: ಒಲಿಂಪಿಕ್ಸ್‌ಗೆ ಕೃತಕ ಟರ್ಫ್ ಪ್ರವೇಶ
1980: ಮಾಸ್ಕೋದಲ್ಲಿ ಮಹಿಳಾ ಹಾಕಿಗೆ ಒಲಿಂಪಿಕ್ ಸ್ಥಾನ, ಭಾರತದ ಪುರುಷರಿಗೆ ಎಂಟನೆಯ ಚಿನ್ನ
1992: ಅನಿಯಮಿತ ಬದಲಿ ಆಟಗಾರರಿಗೆ ಅವಕಾಶ
1996: ಆಫ್‌ಸೈಡ್ ನಿಯಮ ಕೈಬಿಡುವ ಪ್ರಯೋಗ
1997: ಕೊಡವ ಕೌಟುಂಬಿಕ ಹಾಕಿ ಉತ್ಸವದ ಆರಂಭ
2009: ಸೆಲ್ಫ್ ಪಾಸ್ ನಿಯಮ
2014: ತಲಾ 15 ನಿಮಿಷಗಳ ನಾಲ್ಕು ಅವಧಿಗಳ ಪಂದ್ಯ
2024: ಪ್ಯಾರಿಸ್‌ನಲ್ಲಿ ಭಾರತಕ್ಕೆ ಸತತ ಎರಡನೆಯ ಕಂಚು